ಏಳು ಮೈಲಿ ರಸ್ತೆಯ ಒಡೆದ ಪೈಪು

ಜನವರಿ 9, ಬುಧವಾರ

ಬೆಳಿಗ್ಗೆ ಗೇಟು ತೆಗೆಯಲು ಹೋದಾಗ ಬೂಟು ಪಚಕ್ ಎಂದಿತು. ಜನವರಿಯ ಸುಡುಬೇಸಿಗೆಯಲ್ಲಿ, ನಮ್ಮ ಮ್ಯಾಲಿ ಎಂಬ ಒಣ ಸೀಮೆಯಲ್ಲಿ, ಬೂಟು ಪಚಕ್ ಎಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಬಗ್ಗಿ ನೋಡಿದೆ. ಏಳು ಮೈಲಿ ರಸ್ತೆಯ ಅಂಚಿನಲ್ಲಿ ನೆಲದೊಳಗೆ ಹಾದುಹೋಗುವ ನೀರಿನ ಕಂಪನಿಯ ದೊಡ್ಡ ಪೈಪು ಒಡೆದಿದೆ. ಮಣ್ಣಿನಿಂದ ನೀರು ಗುಳುಗುಳು ಮೇಲೆ ಬರುತ್ತಿದೆ. ಆಗಲೇ ನಲವತ್ತು ಗಲಾ ಗಿಳಿಗಳು ಸಂಸಾರ ಸಮೇತ ಬಂದು ಕೂತಿದ್ದವು. ಸುದ್ದಿ ಅವಕ್ಕೆ ನನಗಿಂತ ಮುಂಚೆ ತಲುಪಿದೆ.

ಕಂಪನಿಗೆ ಫೋನು ಮಾಡಿದೆ. ಮೂವತ್ತೆರಡು ನಿಮಿಷ ಸಂಗೀತ. ಆಮೇಲೆ ಟೀಗನ್ ಎಂಬ ಹುಡುಗಿ ಬಂದು, "ಹಲೋ ಡೆನ್ಸಿಲ್, ಹೇಗಿದ್ದೀರಾ ಇವತ್ತು?" ಎಂದಳು. ನನಗೆ ಅರವತ್ನಾಲ್ಕು ವರ್ಷ. ಆಕೆಯನ್ನು ಹುಟ್ಟಿದಾಗಿನಿಂದ ನೋಡಿಲ್ಲ. ಚೆನ್ನಾಗಿದ್ದೇನೆ ಎಂದೆ, ಪೈಪು ಚೆನ್ನಾಗಿಲ್ಲ ಎಂದೆ. ದೂರಿನ ಸಂಖ್ಯೆ ಕೊಟ್ಟಳು. ಐದು ಕೆಲಸದ ದಿನಗಳೊಳಗೆ ಸರಿಹೋಗುತ್ತದಂತೆ.

ನಾನು ಗಲಾಟೆ ಮಾಡುವವನಲ್ಲ. ಇಪ್ಪತ್ತೆರಡು ವರ್ಷಗಳಿಂದ ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ತಂಡಕ್ಕೆ ಕಾರ್ಯದರ್ಶಿ, ಹದಿನೈದು ವರ್ಷಗಳಿಂದ ಊರಿನ ಸಭಾಂಗಣ ನೋಡಿಕೊಳ್ಳುವ ಹಾಲ್ ಕಮಿಟಿಗೂ ಕಾರ್ಯದರ್ಶಿ. ಯಾವ ಕೆಲಸಕ್ಕೂ ಒಂದು ಕ್ರಮ ಅಂತ ಇದೆ. ಕ್ರಮ ತಪ್ಪದೆ ಕೇಳಿದರೆ ಆಗೇ ಆಗುತ್ತದೆ. ಇದನ್ನು ಏವಿಸ್‌ಗೂ ಹೇಳಿದೆ. "ಆಗ್ಲಿ, ಮೊದ್ಲು ಆ ಬೂಟು ಹೊರಗೆ ಬಿಡು," ಎಂದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಕೊಡುವ ಪ್ರೋತ್ಸಾಹ ಇಷ್ಟೇ.

ಜನವರಿ 11, ಶುಕ್ರವಾರ

ಸುಣ್ಣಕಲ್ಲು ಹೊಲದ ತೊಟ್ಟಿ ಅರ್ಧಕ್ಕಿಂತ ಕೆಳಗಿದೆ. ನಮ್ಮ ಪೈಪಿನ ಕೊಟ್ಟಕೊನೆಯ ತೊಟ್ಟಿ ಅದು. ಇನ್ನೂರ ನಲವತ್ತು ಗಬ್ಬದ ಕುರಿಗಳು ಆ ಹೊಲದಲ್ಲಿವೆ, ಮೇ ತಿಂಗಳಲ್ಲಿ ಮರಿ ಹಾಕಬೇಕಾದವು. ಒತ್ತಡ ಇಲ್ಲದೆ ನೀರು ಹನಿಹನಿಯಾಗಿ ಬರುತ್ತಿದೆ, ಕುರಿಗಳು ಕುಡಿಯುವುದು ಹನಿಹನಿಯಾಗಿ ಅಲ್ಲ.

ರಸ್ತೆಯಾಚೆಯವನಿಗೆ ಈ ಚಿಂತೆ ಇಲ್ಲ. ಅವನ ನಲ್ಲಿ ಇರುವುದು ಒಡಕಿಗಿಂತ ಮೇಲೆ, ನೀರು ಬರುವ ನದಿಯ ಕಡೆಗೆ. ಅವನಿಗೆ ನೀರು ಧಾರಾಳ. ಅವನ ಹೆಸರು ಈ ದಿನಚರಿಯಲ್ಲಿ ಎಂಟು ವರ್ಷಗಳಿಂದ ಬಂದಿಲ್ಲ, ಇನ್ನೂ ಬರುವುದು ಬೇಡ. ಒಂದೇ ತಾಯಿಯ ಹೊಟ್ಟೆಯಲ್ಲಿ ನನ್ನ ಹಿಂದೆಯೇ ಹುಟ್ಟಿದವನು ಎಂದರೆ ಸಾಕು. ಅಪ್ಪ ತೀರಿಕೊಂಡಾಗ ರಸ್ತೆಯ ಉತ್ತರಕ್ಕಿದ್ದದ್ದು ಅವನಿಗೆ, ದಕ್ಷಿಣಕ್ಕಿದ್ದದ್ದು ನನಗೆ ಬಂತು. ಕುರಿಯ ಉಣ್ಣೆ ಕತ್ತರಿಸುವ ಶೆಡ್ಡು ದಕ್ಷಿಣಕ್ಕಿತ್ತು. ಶೆಡ್ಡು ಕೊಡುವುದಿಲ್ಲ ಎಂದು ನಾನು ಯಾವತ್ತೂ ಹೇಳಲಿಲ್ಲ. ಹೇಳದಿರುವುದು ಮಾತ್ರ ಅಲ್ಲ, ಯಾವ ದಿನಗಳಲ್ಲಿ ಬಳಸಬಹುದು ಎಂದು ತಾರೀಕು ಸಮೇತ ಬರೆದು ಕಳಿಸಿದ್ದೆ. ಅವನು ಮರುಮಾತಿಲ್ಲದೆ ತನ್ನ ಕುರಿಗಳನ್ನೆಲ್ಲ ಪಕ್ಕದೂರಿನವರ ಶೆಡ್ಡಿಗೆ ಹೊಡೆದುಕೊಂಡು ಹೋದ. ಇಡೀ ಜಿಲ್ಲೆಯ ಎದುರು. ಅದಾದ ಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ. ಈ ಕಡೆ ಎದುರು ಬಂದ ಯಾವ ಗಾಡಿಗಾದರೂ ಸ್ಟಿಯರಿಂಗಿನಿಂದ ಒಂದು ಬೆರಳೆತ್ತುವುದು ರೂಢಿ, ಕಂಡರಾಗದವರಿಗೂ ಎತ್ತುತ್ತೇವೆ. ನಾವಿಬ್ಬರು ಆ ಬೆರಳನ್ನೂ ಎತ್ತುವುದಿಲ್ಲ.

ಜನವರಿ 16, ಬುಧವಾರ

ಐದು ಕೆಲಸದ ದಿನ ಮುಗಿಯಿತು. ಯಾರೂ ಬರಲಿಲ್ಲ. ಫೋನು. ನಲವತ್ತೊಂದು ನಿಮಿಷ ಸಂಗೀತ.

"ನಿಮ್ಮ ದೂರು ಮುಕ್ತಾಯ ಆಗಿದೆ, ಡೆನ್ಸಿಲ್," ಎಂದಳು ಟೀಗನ್.

"ಪೈಪು ಇನ್ನೂ ಸೋರ್ತಾ ಇದೆಯಲ್ಲಮ್ಮ."

"ಅದು ಗೊತ್ತಿಲ್ಲ. ಅದೇ ಸೋರಿಕೆಗೆ ಇನ್ನೊಂದು ದೂರು ಇದೆ. ಅದಕ್ಕೇ ನಿಮ್ಮದನ್ನ ನಕಲು ಅಂತ ಮುಚ್ಚಿದ್ದಾರೆ."

ಇನ್ನೊಂದು ದೂರು ಯಾರದು ಎಂದೆ. ಹೇಳುವ ಹಾಗಿಲ್ಲವಂತೆ. ಆದರೆ ಹುಡುಗಿ ಸ್ವಲ್ಪ ಸಡಿಲ. "ಅದೂ ನೋಸ್ಕೆ ಅಂತಾನೇ ಇದೆ. ಎಂ. ನೋಸ್ಕೆ. ನಿಮಗೆ ಏನಾಗ್ಬೇಕು?"

ಏನೂ ಆಗಬೇಕಿಲ್ಲ ಎಂದೆ.

ತನ್ನ ನಲ್ಲಿಯಲ್ಲಿ ನೀರು ಭೋರೆಂದು ಬರುತ್ತಿರುವಾಗ ನನ್ನ ಗೇಟಿನ ಎದುರಿನ ಪೈಪಿಗೆ ದೂರು ಕೊಡುವ ಉಸಾಬರಿ ಇವನಿಗೇಕೆ? ನನಗಿಂತ ಮೊದಲು ಕೊಟ್ಟೆ ಎಂದು ಊರಲ್ಲಿ ಹೇಳಿಕೊಳ್ಳಲು, ಇನ್ನೇನು. ಸರಿ, ಅವನ ದೂರಿನ ಪುಣ್ಯದಿಂದಲಾದರೂ ರಿಪೇರಿಯಾಗಲಿ. ನನಗೆ ಹೆಸರಿನ ಆಸೆ ಇಲ್ಲ.

ಜನವರಿ 18, ಶುಕ್ರವಾರ

ಅವನ ದೂರನ್ನೂ ಮುಚ್ಚಿದ್ದಾರೆ. ಅದು ನನ್ನ ದೂರಿನ ನಕಲು ಎಂದು.

ಟೀಗನ್‌ಗೆ ಎರಡು ಸಲ ಓದಿಸಿದೆ. ನನ್ನದು ಅವನದರ ನಕಲು, ಆದ್ದರಿಂದ ಮುಕ್ತಾಯ. ಅವನದು ನನ್ನದರ ನಕಲು, ಆದ್ದರಿಂದ ಮುಕ್ತಾಯ. ಕಂಪನಿಯ ಲೆಕ್ಕದಲ್ಲಿ ಎರಡು ದೂರುಗಳಿವೆ, ಎರಡೂ ನಕಲು, ಅಸಲು ಎಂಬುದು ಇಲ್ಲವೇ ಇಲ್ಲ. "ಒಂದೇ ಹೆಸರು, ಒಂದೇ ರಸ್ತೆ ನೋಡಿ, ಒಬ್ರೇ ಎರಡು ಸಲ ಫೋನು ಮಾಡಿದ್ದಾರೆ ಅಂತ ಕಂಪ್ಯೂಟರ್ ಅಂದ್ಕೊಳ್ಳುತ್ತೆ," ಎಂದು ಸಮಾಧಾನ ಹೇಳಿದಳು. ಕೊನೆಗೆ ನನ್ನ ದೂರನ್ನು ಮತ್ತೆ ತೆರೆದು, ಮಂಗಳವಾರ ಪರೀಕ್ಷೆಗೆ ಒಬ್ಬನನ್ನು ಕಳಿಸುವುದಾಗಿ ಒಪ್ಪಿದಳು.

ನೋಡಿ, ಕ್ರಮದಲ್ಲಿ ಹೋದರೆ ಆಗುತ್ತದೆ.

ಜನವರಿ 21, ಸೋಮವಾರ

ನಾಳೆ ಕಂಪನಿಯವನು ಬರುತ್ತಾನೆ. ಗೇಟಿನ ಎದುರು ಹಂದಿ ಹೊರಳಾಡಿದ ಜಾಗದ ಹಾಗಿತ್ತು. ಹೊರಗಿನವರು ಬಂದಾಗ ನೋಸ್ಕೆಗಳ ಗೇಟು ಹಾಗೆ ಕಾಣಕೂಡದು, ಅಪ್ಪ ಇದ್ದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಸಲಿಕೆ ತೆಗೆದುಕೊಂಡು ಕೆಸರು ಎತ್ತಿ ಹಾಕಿದೆ. ಒಡಕಿನ ಜಾಗ ಅಗೆದು, ಹಳೆ ಟ್ರ್ಯಾಕ್ಟರಿನ ಟ್ಯೂಬು ಸೀಳಿ ಪೈಪಿಗೆ ಸುತ್ತಿ, ಬೇಲಿ ತಂತಿಯಿಂದ ಬಿಗಿದೆ. ಮೇಲೆ ಜಲ್ಲಿ ಹರಡಿ ಕುಂಟೆ ಎಳೆದೆ. ಮಧ್ಯಾಹ್ನದ ಹೊತ್ತಿಗೆ ಅಚ್ಚುಕಟ್ಟಾಗಿ ಕಂಡಿತು. ಗಲಾ ಗಿಳಿಗಳಿಗೆ ಮಾತ್ರ ಬೇಜಾರು.

ಏವಿಸ್ ಬರುವವನಿಗೆಂದು ಜೇನಿನ ಬಿಸ್ಕತ್ತು ಮಾಡಿದಳು. ಹಾಕಿಡಲು ಡಬ್ಬಿ ಹುಡುಕಿದರೆ ಒಂದೂ ಇಲ್ಲ. ಈ ಮನೆಯಲ್ಲಿ ಡಬ್ಬಿಗಳೆಲ್ಲ ಎಲ್ಲಿ ಹೋಗುತ್ತವೆ ಎಂದೆ. "ನಿನಗ್ಯಾಕೆ, ಅವೂ ನಕಲು ಅಂತ ಮುಚ್ಚಿಬಿಡು," ಎಂದಳು.

ಜನವರಿ 22, ಮಂಗಳವಾರ

ಬಂದವನ ಹೆಸರು ರೀಸ್. ಮೂವತ್ತರ ಆಸುಪಾಸು, ಕುತ್ತಿಗೆ ಬಿಸಿಲಿಗೆ ಕೆಂಪಗಾಗಿದೆ, ಕೈಯಲ್ಲಿ ಟ್ಯಾಬ್ಲೆಟ್ ಕಂಪ್ಯೂಟರು. ಗಾಡಿಯಿಂದ ಇಳಿದು ಜಲ್ಲಿಯ ಮೇಲೆ ನಿಂತು ಸುತ್ತಲೂ ನೋಡಿದ.

"ಸೋರಿಕೆ ಎಲ್ಲಿದೆ?"

"ನೀನು ನಿಂತಿರೋದೇ ಅದರ ಮೇಲೆ."

ಕಾಲು ಎತ್ತಿ ನೋಡಿದ. ಬೂಟಿನ ಅಡಿ ಬರೀ ತೇವ. "ಇದು ಜಿನುಗೋದು ಅಷ್ಟೇ. ಸೋರಿಕೆ ಅಂತ ಬರೆಯೋಕಾಗಲ್ಲ," ಎಂದ. ನಿನ್ನೆಯವರೆಗೂ ಹೀಗಿರಲಿಲ್ಲ ಎಂದೆ. "ನಾನು ಇವತ್ತಿಂದು ಬರೀಬೇಕಲ್ಲ," ಎಂದ. ನಾನು ಟ್ಯೂಬಿನ ವಿಷಯ ಹೇಳಬಹುದಿತ್ತು. ಆದರೆ ಕಂಪನಿಯ ಪೈಪು ಮುಟ್ಟುವುದು ಕಾನೂನಿಗೆ ವಿರುದ್ಧ ಎಂಬ ಫಲಕ ಊರಿನ ಹಾಲ್‌ನಲ್ಲಿ ನೇತಾಡುತ್ತಿದೆ, ಮೊಳೆ ಹೊಡೆದವನು ನಾನೇ.

ತುರ್ತಿನಲ್ಲಿ ಕೊನೆಯ ದರ್ಜೆ ಎಂದು ಬರೆದ. ರಿಪೇರಿ ತೊಂಬತ್ತು ದಿನದೊಳಗೆ. ಬಿಸ್ಕತ್ತು ಮಾತ್ರ ಚೆನ್ನಾಗಿದೆ ಎಂದು ಆರು ತಿಂದ.

ಅವನ ಗಾಡಿ ತಿರುವು ದಾಟಿ ಒಂದು ಗಂಟೆ ಆಗಿರಲಿಲ್ಲ, ಟ್ಯೂಬು ಜಾರಿ ನೀರು ಮತ್ತೆ ಉಕ್ಕಿತು.

ಜನವರಿ 24, ಗುರುವಾರ

ನಲವತ್ತಾರು ಡಿಗ್ರಿ. ಗಾಳಿ ಉತ್ತರದಿಂದ.

ಬೆಳಿಗ್ಗೆ ಸುಣ್ಣಕಲ್ಲು ಹೊಲದ ತೊಟ್ಟಿ ಬರಿದಾಗಿತ್ತು. ತಳದಲ್ಲಿ ಹಸಿರು ಪಾಚಿ. ಕುರಿಗಳು ಅದರ ಸುತ್ತ ಒತ್ತಿಕೊಂಡು ನಿಂತಿದ್ದವು, ಕೂಗುತ್ತಲೂ ಇರಲಿಲ್ಲ. ನನ್ನ ಪಿಕಪ್ಪಿನ ಮೇಲೆ ಬೆಂಕಿ ಆರಿಸುವ ಟ್ಯಾಂಕು ತುಂಬಿತ್ತು, ಆದರೆ ಇಂಥ ದಿನ ಅದನ್ನು ಖಾಲಿ ಮಾಡಬಾರದು ಎಂಬ ನಿಯಮ ಬರೆದವನೂ ನಾನೇ. ಅರ್ಧ ತೊಟ್ಟಿಗೆ ಬಿಟ್ಟೆ, ಅರ್ಧ ಉಳಿಸಿದೆ. ಹತ್ತು ಗಂಟೆಗೆ ವೈರ್‌ಲೆಸ್ ಕೂಗಿತು, ರೈಲು ಹಳಿಯ ಹತ್ತಿರ ಬೆಂಕಿ. ಹೋದೆ. ಇಡೀ ದಿನ ಅಲ್ಲೇ. ಕೈಯಲ್ಲಿ ಕೊಳವೆ, ತಲೆಯಲ್ಲಿ ಕುರಿ.

ಜನವರಿ 25, ಶುಕ್ರವಾರ

ಒಂದೂ ಸತ್ತಿಲ್ಲ.

ಎಣಿಸಿದೆ. ಮತ್ತೆ ಎಣಿಸಿದೆ. ಇನ್ನೂರ ನಲವತ್ತು. ತೊಟ್ಟಿ ಕಂಠಮಟ್ಟ ತುಂಬಿದೆ. ಪೈಪಿನಿಂದ ಇಷ್ಟು ಬರುವುದು ಸಾಧ್ಯವೇ ಇಲ್ಲ. ತೊಟ್ಟಿಯ ಪಕ್ಕದಲ್ಲಿ ಗಾಡಿಯ ಚಕ್ರದ ಗುರುತು, ಮೂರ್ನಾಲ್ಕು ಸಲ ಬಂದು ಹೋದ ಹಾಗೆ. ತಂಡದವರು ಯಾರೋ ಇರಬೇಕು. ಮುಂದಿನ ಸಭೆಯಲ್ಲಿ ವಂದನಾರ್ಪಣೆಗೆ ಸೇರಿಸಬೇಕು. ಗುರುತುಗಳು ಉತ್ತರದ ಗೇಟಿನಿಂದ ಬಂದಿವೆ, ಆ ಗೇಟಿನ ಬೀಗದ ಕೈ ನಮ್ಮ ಕುಟುಂಬದವರ ಹತ್ತಿರ ಮಾತ್ರ ಇದೆ. ಬೀಗ ಹಾಳಾಗಿರಬೇಕು. ನೋಡಬೇಕು.

ಏವಿಸ್‌ಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಹೌದೌದು, ಬೀಗ ಹಾಳಾಗಿರುತ್ತೆ," ಎಂದಳು.

ಫೆಬ್ರವರಿ 1, ಶುಕ್ರವಾರ

ಕಂಪನಿಯಿಂದ ಪತ್ರ.

"ಪ್ರಿಯ ಗ್ರಾಹಕರೇ, ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ. ನಿಗದಿತ ಅವಧಿಯೊಳಗೆ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಯವರೆಗೆ ನೀರನ್ನು ಮಿತವಾಗಿ ಬಳಸಲು ದಯವಿಟ್ಟು ಸಹಕರಿಸಿ."

ಮೈಯೆಲ್ಲ ಉರಿಯಿತು. ಇನ್ನೂರ ನಲವತ್ತು ಕುರಿಗಳಿಗೆ ಮಿತವಾಗಿ ಕುಡಿಯಿರಿ ಎಂದು ಓದಿ ಹೇಳಲೇ? ಬಂದು ಎದುರು ನಿಂತು ಎರಡು ಮಾತು ಆಡಲಾಗದವರು ಹೀಗೆ ಕಾಗದ ಬರೆದು ಕೈತೊಳೆದುಕೊಳ್ಳುತ್ತಾರೆ. ಮನುಷ್ಯನಿಗೆ ಮನುಷ್ಯ ಬರೆಯುವ ಭಾಷೆಯೇ ಇದು?

ಪತ್ರ ಹಿಡಿದುಕೊಂಡೇ ಒಡಕಿನ ಹತ್ತಿರ ಹೋಗಿ ನಿಂತಿದ್ದೆ. ರಸ್ತೆಯಾಚೆಯವನ ಪಿಕಪ್ಪು ಬಂತು. ದಾಟಿ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಕಿಟಕಿ ಇಳಿಸಿದ.

"ಹಾಗೆ ಗುರಾಯಿಸಿದ್ರೆ ಪೈಪು ಹೆದರ್ಕೊಂಡು ಮುಚ್ಚಿಕೊಳ್ಳಲ್ಲ, ಡೆನ್ಸ್."

ಎಂಟು ವರ್ಷಗಳ ನಂತರದ ಮೊದಲ ಮಾತು. ನಾನೂ ಕಿಟಕಿಗೇ ಹೇಳಿದೆ. "ನಿನ್ನ ನಲ್ಲೀಲಿ ನೀರಿದೆಯಲ್ಲ. ನಿನಗ್ಯಾಕೆ ದೂರು ಕೊಡೋ ಕೆಲ್ಸ?"

"ನಿನ್ನ ಕುರಿಗಳು ಬಾಯಾರಿ ನಿಂತಿರೋದು ನನ್ನ ಅಡುಗೆಮನೆ ಕಿಟಕೀಲಿ ಕಾಣುತ್ತೆ. ಊಟ ಸೇರಲ್ಲ."

"ಪರದೆ ಹಾಕ್ಕೋ."

"ಪರದೆ ಹೊಲಿಯೋಕೆ ನನಗೆ ಹೆಂಡತಿ ಎಲ್ಲಿದ್ದಾಳೆ?" ಎಂದ. ಅವನು ಮುದುಕನಾಗಿದ್ದಾನೆ, ಅರವತ್ತಕ್ಕೆ ಅಷ್ಟು ಆಗಬಾರದು. ಅವನ ದೂರು ಇನ್ನೂ ಮುಚ್ಚಿಯೇ ಇದೆಯಂತೆ. ನನ್ನದು ಕೊನೆಯ ದರ್ಜೆಯಲ್ಲಿದೆ ಎಂದೆ. "ಎರಡನ್ನೂ ರದ್ದು ಮಾಡಿ ಒಂದೇ ಕೊಡೋಣ. ಇಬ್ರೂ ಒಟ್ಟಿಗೆ ಫೋನಲ್ಲಿದ್ರೆ ಮಾತ್ರ ಆಗುತ್ತಂತೆ. ನಾನು ಕೇಳಿದೀನಿ," ಎಂದ.

ಬೇರೆ ದಾರಿ ಇದೆಯೇ ಎಂದು ಯೋಚಿಸಿ ಹೇಳುತ್ತೇನೆ ಎಂದೆ. ಬೇರೆ ದಾರಿ ಇರಲಿಲ್ಲ.

ಫೆಬ್ರವರಿ 4, ಸೋಮವಾರ

ಅವನು ಮನೆಯ ಫೋನು ತೆಗೆಸಿ ಎಷ್ಟೋ ವರ್ಷ ಆಗಿದೆ, ನಮ್ಮ ಮನೆಯೊಳಗೆ ಬರಲು ಅವನಿಗೆ ಇಷ್ಟವಿಲ್ಲ, ಕರೆಯಲು ನನಗೂ ಆಗಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುವುದು ಮರಳು ದಿಬ್ಬದ ನೆತ್ತಿಯಲ್ಲಿ ಮಾತ್ರ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಅವನ ಪಿಕಪ್ಪಿನಲ್ಲಿ ದಿಬ್ಬ ಹತ್ತಿದೆವು. ಅವನ ನಾಯಿ ನಮ್ಮಿಬ್ಬರ ನಡುವೆ ಕೂತಿತು. ಫೋನನ್ನು ಗಾಜಿನ ಹಿಂದೆ ಒರಗಿಸಿಟ್ಟೆವು.

ಐವತ್ತೆರಡು ನಿಮಿಷ ಸಂಗೀತ.

ಇಪ್ಪತ್ತನೇ ನಿಮಿಷದ ಹೊತ್ತಿಗೆ ಮರ್ಟನ್, "ಇದೇ ರಾಗಾನ ನಾನು ಹಾಲು ಕರೆಯುವಾಗಲೂ ಗುನುಗ್ತಾ ಇದ್ದೀನಿ ಈಗ," ಎಂದ. ನಾನೂ ಗುನುಗುತ್ತೇನೆ, ಏವಿಸ್ ಬೈಯುತ್ತಾಳೆ ಎಂದೆ. ಮೂವತ್ತನೇ ನಿಮಿಷಕ್ಕೆ ಅವನು ಫ್ಲಾಸ್ಕು ತೆಗೆದ. ಮುಚ್ಚಳ ಒಂದೇ ಇತ್ತು, ಅದರಲ್ಲೇ ಸರದಿಯಲ್ಲಿ ಚಹಾ ಕುಡಿದೆವು. ಸಕ್ಕರೆ ಎರಡು ಚಮಚ, ನಾನು ಕುಡಿಯುವ ಹಾಗೆ. ಅವನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ನನಗೆ ನೆನಪು. ಅಭ್ಯಾಸ ಬದಲಾಗಿರಬೇಕು.

ಕೊನೆಗೂ ಟೀಗನ್. "ಹಲೋ ಡೆನ್ಸಿಲ್. ಹಲೋ ಮರ್ಟನ್. ಅಯ್ಯೋ, ನೀವು ಇಬ್ಬರು!" ಎಂದಳು. ಒಬ್ಬನೇ ಮನುಷ್ಯ ಎರಡು ಗಂಟಲು ಮಾಡಿಕೊಂಡು ಆಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಇಬ್ಬರ ಹುಟ್ಟಿದ ದಿನ ಕೇಳಿದಳು. ನನ್ನದನ್ನು ಮರ್ಟನ್ ಹೇಳಿದ, ನಾನು ಬಾಯಿ ತೆರೆಯುವ ಮೊದಲೇ. ಎರಡೂ ಹಳೆ ದೂರು ರದ್ದಾದವು. ಹೊಸದು ಒಂದು. ಗುರುವಾರ ಪರೀಕ್ಷೆ.

"ಈ ಸಲ ಗುಡಿಸಿ ಸಾರಿಸಬೇಡ, ಮಾರಾಯ," ಎಂದ ಮರ್ಟನ್, ನಾನು ಇಳಿಯುವಾಗ. ಜನವರಿ ಇಪ್ಪತ್ತೊಂದರಂದು ಅವನು ತನ್ನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಾನೆ.

ಫೆಬ್ರವರಿ 7, ಗುರುವಾರ

ಇದನ್ನು ನಿಧಾನವಾಗಿ ಬರೆಯುತ್ತೇನೆ.

ರೀಸ್ ಬಂದ. ನಾನೂ ಮರ್ಟನ್ನೂ ನಿಂತಿದ್ದೆವು. ಈ ಸಲ ನೀರು ಮೊಣಕಾಲಿನವರೆಗೆ ಚಿಮ್ಮುತ್ತಿತ್ತು, ಗಲಾ ಗಿಳಿಗಳು ಸಾಕ್ಷಿಗೆ ಬಂದಿದ್ದವು, ಎಲ್ಲ ಸರಿಯಾಗಿತ್ತು. ರೀಸ್ ಸಲಿಕೆ ಹಾಕಿ ಮಣ್ಣು ಎಳೆದ. ಸಲಿಕೆಗೆ ತಂತಿ ಸಿಕ್ಕಿತು. ಎಳೆದ. ತಂತಿಯ ಹಿಂದೆ ಟ್ರ್ಯಾಕ್ಟರಿನ ಟ್ಯೂಬು ಉದ್ದಕ್ಕೆ ಎದ್ದು ಬಂತು. ನಾನು ಅದನ್ನು ತೆಗೆಯಲು ಮರೆತಿದ್ದೆ. ಕಾರ್ಯದರ್ಶಿ ನಾನು, ಮರೆತಿದ್ದೆ.

"ಇದನ್ನ ಯಾರು ಕಟ್ಟಿದ್ದು?" ರೀಸ್‌ನ ದನಿ ಬದಲಾಯಿತು. "ಮುಖ್ಯ ಪೈಪು ಮುಟ್ಟೋದು ಅಪರಾಧ, ಗೊತ್ತಲ್ವಾ? ನಾನು ಹೆಸರು ಬರೀಲೇಬೇಕು."

ಹಾಲ್‌ನ ಫಲಕ ಕಣ್ಣ ಮುಂದೆ ಬಂತು. ತಂಡದ ಕಾರ್ಯದರ್ಶಿ, ಹಾಲ್ ಕಮಿಟಿಯ ಕಾರ್ಯದರ್ಶಿ, ನಾಳೆ ಊರೆಲ್ಲ ನಗುತ್ತದೆ. ಬಾಯಿ ತೆರೆಯಲು ಹೊರಟಿದ್ದೆ. ಹೊರಟಿದ್ದೆ ಎಂದೇ ನನಗನ್ನಿಸುತ್ತದೆ.

"ನಾನು ಕಟ್ಟಿದ್ದು," ಎಂದ ಮರ್ಟನ್. "ಮರ್ಟನ್ ನೋಸ್ಕೆ. ಬರ್ಕೋ. ಕೊನೇಲಿ ಒತ್ತಕ್ಷರ, 'ಸ್ಕೆ'."

"ಯಾಕೆ ಕಟ್ಟಿದ್ರಿ?"

"ಕುರಿ ಸಾಯ್ತಾ ಇದ್ವು. ನೀನು ತೊಂಬತ್ತು ದಿನ ಅಂತಿದ್ದೆ."

ರೀಸ್ ಅವನನ್ನು ನೋಡಿದ, ನನ್ನನ್ನು ನೋಡಿದ, ಬರೆದುಕೊಂಡ. ಗಾಡಿ ಹತ್ತುವ ಮೊದಲು, "ಕೈ ಹಾಕಿದ ಪೈಪನ್ನ ಹಾಗೇ ಬಿಡೋಹಾಗಿಲ್ಲ, ಸುರಕ್ಷತೆಯ ವಿಷಯ. ಮೊದಲ ದರ್ಜೆಗೆ ಹಾಕಬೇಕಾಗುತ್ತೆ," ಎಂದ. ಅದನ್ನು ಬೈಗುಳದ ಹಾಗೆ ಹೇಳಿದ.

ನಾನು ಯಾಕೆ ಸುಮ್ಮನಿದ್ದೆ ಎಂದು ಇಲ್ಲಿ ಬರೆಯಲು ಯತ್ನಿಸಿದೆ. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ.

ಫೆಬ್ರವರಿ 8, ಶುಕ್ರವಾರ

ಊಟ ಸೇರಲಿಲ್ಲ.

ಫೆಬ್ರವರಿ 11, ಸೋಮವಾರ

ಆರು ಜನ, ಎರಡು ಲಾರಿ, ಒಂದು ಅಗೆಯುವ ಯಂತ್ರ, ಕಿತ್ತಳೆ ಬಣ್ಣದ ಹದಿನೆಂಟು ಶಂಕುಗಳು. ರಸ್ತೆಯ ಎರಡೂ ತುದಿಗೆ ಫಲಕ ಹಿಡಿದ ಇಬ್ಬರು ಹೆಂಗಸರು. ಬೆಳಿಗ್ಗೆಯಿಂದ ಕೆಲಸ ಮುಗಿಯುವವರೆಗೆ ಅವರು ತಡೆದು ನಿಲ್ಲಿಸಿದ ಗಾಡಿಗಳು ಎರಡು, ಎರಡೂ ಮರ್ಟನ್‌ನ ಪಿಕಪ್ಪೇ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

ಹಳೆ ಪೈಪು ನಾಲ್ಕು ಮೀಟರು ಕತ್ತರಿಸಿ ಹೊಸದು ಕೂರಿಸಿದರು. ಮೂರು ಗಂಟೆಗೆ ಮುಗಿಯಿತು. ಒಂದು ತಿಂಗಳು ಮರ್ಯಾದೆಯಿಂದ, ಕ್ರಮದಿಂದ, ಸಂಖ್ಯೆ ಸಮೇತ ಕೇಳಿದಾಗ ಆಗದ್ದು ಒಂದು ಅಪರಾಧ ಬಯಲಾದ ಮೇಲೆ ನಾಲ್ಕು ದಿನದಲ್ಲಿ ಆಯಿತು. ಈ ಸಂಗತಿಯನ್ನು ಕಮಿಟಿಯ ಮುಂದೆ ಹೇಗೆ ಇಡುವುದೋ ತಿಳಿಯದು.

ಸುಣ್ಣಕಲ್ಲು ಹೊಲದ ತೊಟ್ಟಿಗೆ ಹೋದೆ. ನೀರು ಭರ್ರೆಂದು ಬೀಳುತ್ತಿತ್ತು. ಕುರಿಗಳು ಒಂದನ್ನೊಂದು ತಳ್ಳದೆ ಕುಡಿಯುತ್ತಿದ್ದವು. ತೊಟ್ಟಿಯ ಅಂಚಿನ ಮೇಲೆ ಕೂತು ನೋಡಿದೆ. ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಬರೆಯಲಿ.

ಫೆಬ್ರವರಿ 13, ಬುಧವಾರ

ಮರ್ಟನ್‌ಗೆ ಕಂಪನಿಯಿಂದ ಎಚ್ಚರಿಕೆಯ ಪತ್ರ ಬಂದಿದೆ ಎಂದು ಟಪಾಲಿನವಳು ಹೇಳಿದಳು. ಕಂಪನಿಯ ಮುದ್ರೆಯ ಲಕೋಟೆ, ಕೆಂಪು ಅಕ್ಷರ. ನಾನು ತಕ್ಷಣ ಕೂತು ತಪ್ಪೊಪ್ಪಿಗೆ ಬರೆದೆ. ಎರಡು ಪುಟ, ದಿನಾಂಕವಾರು. ಅದನ್ನು ಮೊದಲು ಅವನಿಗೆ ತೋರಿಸುವುದು ಕ್ರಮ ಎಂದು ರಸ್ತೆ ದಾಟಿ ಹೋದೆ.

ಎಂಟು ವರ್ಷಗಳಲ್ಲಿ ಆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಬೀರುವಿನ ಮೇಲೆ ನಮ್ಮ ಮನೆಯ ಬಿಸ್ಕತ್ತು ಡಬ್ಬಿಗಳು, ಹನ್ನೊಂದು. ನಾನು ಅವನ್ನೇ ನೋಡುತ್ತಿರುವುದನ್ನು ಮರ್ಟನ್ ನೋಡಿದ.

"ಏವಿಸ್ ಕ್ರಿಸ್‌ಮಸ್‌ಗೆ, ಈಸ್ಟರ್‌ಗೆ ತಂದ್ಕೊಡ್ತಾಳೆ. ವಾಪಸ್ ಕೊಡೋಣ ಅಂದ್ರೆ ನಿನ್ನ ಕಣ್ಣಿಗೆ ಬಿದ್ದೀತು ಅಂತ ಬೇಡ ಅಂದ್ಲು."

ನಾನು ತಪ್ಪೊಪ್ಪಿಗೆಯನ್ನು ಮುಂದೆ ಚಾಚಿದೆ. ಅವನು ಮುಟ್ಟಲೇ ಇಲ್ಲ. "ಇನ್ನೊಂದು ಕಾಗದ ಬೇಡ, ಡೆನ್ಸ್," ಎಂದ. ಫ್ರಿಜ್ಜಿನ ಬಾಗಿಲಿಗೆ ಕಂಪನಿಯ ಎಚ್ಚರಿಕೆಯನ್ನು ಅಂಟಿಸಿದ್ದ. ಅದರ ಪಕ್ಕದಲ್ಲಿ ಹಳದಿಯಾದ ಇನ್ನೊಂದು ಹಾಳೆ, ನನ್ನ ಕೈಬರಹ.

"ಶ್ರೀ ಎಂ. ನೋಸ್ಕೆ ಅವರಿಗೆ. ಉಣ್ಣೆ ಕತ್ತರಿಸುವ ಶೆಡ್ಡು ತಮ್ಮ ಬಳಕೆಗೆ ಮಾರ್ಚ್ 14ರಿಂದ 16ರವರೆಗೆ ಲಭ್ಯವಿರುತ್ತದೆ. ಬಳಕೆಯ ನಂತರ ಸ್ವಚ್ಛಗೊಳಿಸಿ ಹಿಂದಿರುಗಿಸತಕ್ಕದ್ದು. ಡಿ. ನೋಸ್ಕೆ."

"ಪಕ್ಕಪಕ್ಕ ಇಟ್ಟು ಓದಿದೆ," ಎಂದ ಮರ್ಟನ್. "ಒಬ್ಬನೇ ಬರೆದ ಹಾಗಿದೆ. ಅಪ್ಪನ ಶೆಡ್ಡು ಅದು. ಅಪ್ಪನ ಸಮಾಧಿ ಮೇಲಿನ ಹೂವು ಇನ್ನೂ ಬಾಡಿರಲಿಲ್ಲ, ನೀನು ನನಗೆ ಟಪಾಲಿನಲ್ಲಿ ನೋಟಿಸ್ ಕಳಿಸ್ದೆ. ಟಪಾಲಿನಲ್ಲಿ. ರಸ್ತೆ ದಾಟಿದ್ರೆ ಮನೆ."

ನಾನು ಎರಡನ್ನೂ ಓದಿದೆ. ಕಂಪನಿಯದರಲ್ಲಿ 'ದಯವಿಟ್ಟು' ಎಂಬ ಮಾತು ಎರಡು ಕಡೆ ಇತ್ತು. ನನ್ನದರಲ್ಲಿ ಇರಲಿಲ್ಲ. ತಾರೀಕು ಸಮೇತ ತಿಳಿಸಿದ್ದೇನಲ್ಲ ಎಂದು ಎಂಟು ವರ್ಷ ಎದೆ ಸೆಟೆಸಿಕೊಂಡು ಓಡಾಡಿದವನು ನಾನು. ನಾಚಿಕೆಯಾಯಿತು. ಹಾಗೆಂದು ಅವನಿಗೂ ಹೇಳಿದೆ, ಬಾಯಲ್ಲಿ. ಪೈಪಿನ ಹತ್ತಿರ ಸುಮ್ಮನೆ ನಿಂತಿದ್ದಕ್ಕೂ ಹೇಳಿದೆ. ಇಪ್ಪತ್ನಾಲ್ಕನೇ ತಾರೀಕು ಅವನು ತೊಟ್ಟಿಗೆ ತುಂಬಿದ ನೀರಿಗೂ.

"ಬೀಗ ಹಾಳಾಗಿದೆ ಅಂದ್ಯಂತೆ," ಎಂದು ನಕ್ಕ. ಏವಿಸ್ ಬಿಸ್ಕತ್ತಿನ ಜೊತೆಗೆ ಸುದ್ದಿಯನ್ನೂ ಸಾಗಿಸುತ್ತಾಳೆ.

ಬರುವಾಗ ನಾಲ್ಕು ಡಬ್ಬಿ ತಂದೆ. ಏಳು ಅಲ್ಲೇ ಇರಲಿ, ಮತ್ತೆ ಬೇಕಾಗುತ್ತವೆ. ತಪ್ಪೊಪ್ಪಿಗೆಯ ಹಿಂಬದಿ ಖಾಲಿ ಇದೆ, ಅದರಲ್ಲಿ ಕುರಿ ಔಷಧಿಯ ಪಟ್ಟಿ ಬರೆದುಕೊಂಡೆ.

ಫೆಬ್ರವರಿ 22, ಶುಕ್ರವಾರ

ಉಣ್ಣೆ ಕತ್ತರಿಸುವ ದಿನಗಳ ಪಟ್ಟಿ ಮಾಡಲು ಕೂತೆ. ತಲೆಬರಹ ಬರೆದು, ಗೆರೆ ಎಳೆದು, ಪೆನ್ನು ಮುಚ್ಚಿಟ್ಟೆ. ರಸ್ತೆ ದಾಟಿ ಹೋಗಿ, "ನಿನ್ನ ಕುರಿ ಯಾವಾಗ ತರ್ತೀಯಾ?" ಎಂದು ಕೇಳಿದೆ.

"ನಿನ್ನವು ಮುಗಿದ ಮೇಲೆ."

"ಮೊದ್ಲು ನಿನ್ನವೇ ಆಗ್ಲಿ."

"ಹಾಗಾದ್ರೆ ಗುಡಿಸೋದು ನೀನು," ಎಂದ.

ಮಾತು ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಸಂಗೀತವೂ ಇರಲಿಲ್ಲ. ಆಮೇಲೆ ಎರಡು ಗಂಟೆ ಅವನ ಅಡುಗೆಮನೆಯಲ್ಲೇ ಕೂತಿದ್ದೆ, ಬಿಸಿಲು ಇಳಿಯಲಿ ಎಂದು.

ಮಾರ್ಚ್ 1, ಶುಕ್ರವಾರ

ಕಂಪನಿಯಿಂದ ಪತ್ರ, ನಮ್ಮ ವಿಳಾಸಕ್ಕೆ.

"ಪ್ರಿಯ ಡೆನ್ಸಿಲ್ ಮರ್ಟನ್ ನೋಸ್ಕೆ ಅವರೇ, ತಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ. ತಮ್ಮ ಹೆಸರಿನಲ್ಲಿದ್ದ ಎರಡು ದಾಖಲೆಗಳನ್ನು ಪರಿಶೀಲಿಸಿ ಒಂದಾಗಿಸಲಾಗಿದೆ. ತಮ್ಮ ತಾಳ್ಮೆಗೆ ಧನ್ಯವಾದಗಳು."

ಇದೇನು ಹುಡುಗಾಟವೇ? ಹೊಸ ದೂರಿನಲ್ಲಿ ಎರಡು ಹೆಸರು ಬರೆಸಿದ್ದೆವು. ಕಂಪ್ಯೂಟರು ಅದನ್ನು ಒಬ್ಬ ಮನುಷ್ಯನ ಉದ್ದ ಹೆಸರು ಎಂದು ತಿಳಿದು ನಮ್ಮಿಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದೆ. ಎರಡು ಜಮೀನು, ಎರಡು ಮನೆ, ಎರಡು ಮೀಟರು, ಗ್ರಾಹಕ ಒಬ್ಬನೇ. ಇಂಥದ್ದನ್ನು ಆಗಲೇ ಸರಿಮಾಡಿಸದಿದ್ದರೆ ಮುಂದೆ ತಲೆನೋವು. ಹಳೆ ದೂರಿನ ಸಂಖ್ಯೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಫೋನು ಮಾಡಿದೆ. ನಲವತ್ತೇಳು ನಿಮಿಷ. ಗುನುಗಿದೆ.

"ಹಲೋ ಡೆನ್ಸಿಲ್ ಮರ್ಟನ್," ಎಂದಳು ಟೀಗನ್, ಪರದೆ ನೋಡಿಕೊಂಡು. ವಿಷಯ ಹೇಳಿದೆ. ನಕ್ಕಳು, ಕ್ಷಮೆ ಕೇಳಿದಳು. "ಬೇರೆ ಮಾಡೋಕೆ ಒಂದು ಫಾರಂ ಇದೆ. ನೀವಿಬ್ಬರೂ ಬೇರೆ ಬೇರೆ ಅಂತ ಇಬ್ಬರೂ ಸಹಿ ಹಾಕಿ ಕಳಿಸಬೇಕು. ಕಳಿಸ್ಲಾ?"

"ಬೇರೆ ಮಾಡಿಸದಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ನೀರು ಬರ್ತಾನೇ ಇರುತ್ತೆ. ಪತ್ರಗಳು ಮಾತ್ರ ಎರಡರ ಬದಲು ಒಂದೇ ಬರುತ್ತೆ, ಒಂದೇ ಮನೆಗೆ."

ಇನ್ನೊಂದು ಫಾರಂ, ಇನ್ನೊಂದು ಸಂಖ್ಯೆ, ಇನ್ನೊಂದು ತೊಂಬತ್ತು ದಿನ. ಈ ವಯಸ್ಸಿನಲ್ಲಿ ಇವರ ಹಿಂದೆ ಯಾರು ಬೀಳುತ್ತಾರೆ? ಇರಲಿ ಬಿಡಮ್ಮ ಎಂದೆ.

"ಸರಿ. ಹಾಗಾದ್ರೆ ಯಾವ ಮನೆಗೆ ಕಳಿಸ್ಲಿ, ರಸ್ತೆಯ ಈ ಕಡೆಗಾ, ಆ ಕಡೆಗಾ?"

ಆ ಕಡೆಗೇ ಕಳಿಸಲು ಹೇಳಿದೆ. ನಮ್ಮ ಟ‌ಪಾಲು ಡಬ್ಬಿಯ ಮುಚ್ಚಳ ಸಡಿಲ, ಕಾಗದ ಬಿಸಿಲಿಗೆ ಸುಡುತ್ತದೆ. ಬಂದಾಗ ನಾನೇ ಹೋಗಿ ಓದಿಕೊಂಡು ಬರುತ್ತೇನೆ.